ಮಲಗಿಕೊಂಡು ನೋಡಿದ ವಿಶ್ವಕಪ್

ಡಾಕ್ಟರರು ನನ್ನ ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿ, ಹೆರಿಗೆಯವರೆಗೆ ಮಂಚದಿಂದ ಇಳಿಯಬಾರದು ಎಂದಾಗ ನನಗೆ ಐದು ತಿಂಗಳು. ಹಿಂದಿನ ವರ್ಷ ಒಂದು ಮಗು ಅದೇ ಐದನೇ ತಿಂಗಳಲ್ಲಿ ಹೋಗಿತ್ತು. ಹಾಗಾಗಿ ಮನೆಯಲ್ಲಿ ಯಾರೂ ಎದುರು ಮಾತಾಡಲಿಲ್ಲ. ಪುತ್ತೂರಿನ ಆಸ್ಪತ್ರೆಯಿಂದ ವ್ಯಾನಿನ ಹಿಂದಿನ ಸೀಟಿನಲ್ಲಿ ಮಲಗಿಸಿ ನನ್ನನ್ನು ಆಲಂಕಾರಿನ ತವರುಮನೆಗೆ ತಂದರು. ಕಿಟಕಿಯ ಪಕ್ಕ ಮಂಚ ಹಾಕಿ, ಕಾಲಿನ ಕಡೆಗೆ ಇಟ್ಟಿಗೆ ಕೊಟ್ಟು ಎತ್ತರ ಮಾಡಿದರು. ತಲೆ ಕೆಳಗೆ, ಕಾಲು ಮೇಲೆ. ಕಿಟಕಿಯಿಂದ ರಸ್ತೆ ಕಾಣುತ್ತಿರಲಿಲ್ಲ. ಆಚೆ ಮನೆಯ ಹಂಚು, ಒಂದು ಕರೆಂಟು ವಯರು, ಅದರ ಮೇಲೆ ಬಂದು ಕೂರುವ ಕಾಗೆ, ಇಷ್ಟೇ. ಕಡಬಕ್ಕೆ ಹೋಗುವ ಬಸ್ಸು ಯಾವುದು, ಉಪ್ಪಿನಂಗಡಿಯ ಕಡೆಗೆ ಹೋಗುವುದು ಯಾವುದು ಎಂದು ಗೇರು ಬದಲಿಸುವ ಸದ್ದಿನಲ್ಲೇ ಹೇಳಬಲ್ಲಷ್ಟು ಕಾಲ ನಾನು ಆ ಮಂಚದಲ್ಲಿದ್ದೆ.

ಸೀನು ಬಂದರೆ ಭಯ, ಕೆಮ್ಮು ಬಂದರೆ ಭಯ. ಮಗ್ಗುಲು ಬದಲಿಸುವಾಗಲೂ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಉಸಿರು ಬಿಗಿಹಿಡಿದು ತಿರುಗಬೇಕು. ನೋಡಲು ಬಂದವರೆಲ್ಲ, ನಿನಗೆಂಥ ಸುಖ, ಮಲಗಿದಲ್ಲಿಗೇ ಊಟ ಬರುತ್ತದೆ ಎಂದು ಹೇಳಿ ಹೋಗುತ್ತಿದ್ದರು. ಅವರು ಎದ್ದು ಚಪ್ಪಲಿ ಮೆಟ್ಟಿಕೊಳ್ಳುವ ಶಬ್ದ ಕೇಳಿದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಗಂಡನಿಗೆ ಮಂಗಳೂರಿನ ಬಂದರಿನಲ್ಲಿ ಕ್ರೇನ್ ನಡೆಸುವ ಕೆಲಸ, ಬರುವುದು ಭಾನುವಾರ ಮಾತ್ರ. ಅಮ್ಮ ಅಂಗನವಾಡಿ ಟೀಚರು. ಬೆಳಿಗ್ಗೆ ನನ್ನ ಮೈ ಒರೆಸಿ, ಬೆಡ್‌ಪ್ಯಾನ್ ತೊಳೆದಿಟ್ಟು ಹೋದರೆ ಮತ್ತೆ ಬರುವುದು ಸಂಜೆಗೆ. ಮಧ್ಯಾಹ್ನ ಪಕ್ಕದ ಮನೆಯ ಅಕ್ಕ, ಬೀಡಿ ಕಟ್ಟುವವರು, ಒಂದು ಗಳಿಗೆ ಬೀಡಿ ಎಲೆಯ ಮೊರವನ್ನು ಬದಿಗಿಟ್ಟು ಬಂದು ಬೆಡ್‌ಪ್ಯಾನ್ ಕೊಡುವಂಥ, ಹೆಂಗಸರೇ ಮಾಡಬೇಕಾದ ಕೆಲಸಗಳನ್ನು ಮುಗಿಸಿ ಹೋಗುತ್ತಿದ್ದರು. ಉಳಿದ ಹೊತ್ತೆಲ್ಲ ನನ್ನನ್ನು ಕಾಯುವ ಜವಾಬ್ದಾರಿ ಅಪ್ಪನದು.

ಅಪ್ಪ ಕೊಯಿಲದ ಜಾನುವಾರು ಫಾರ್ಮಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ಮೊದಲೇ ಮಾತು ಕಮ್ಮಿ. ನಿವೃತ್ತಿಯಾದ ಮೇಲೆ ಅವರಿಗಿದ್ದ ಒಂದೇ ಸಂತೋಷವೆಂದರೆ ಮಧ್ಯಾಹ್ನ ಪೇಟೆಗೆ ಹೋಗಿ, ಟೈಲರನ ಅಂಗಡಿಯಲ್ಲಿ ಕೂತು ಬರುವುದು. ನಾನು ಬಂದ ದಿನದಿಂದ ಅದು ನಿಂತಿತು. ಕೋಣೆಯ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ನನ್ನ ಕಡೆಗೆ ಅರ್ಧ ಬೆನ್ನು ಮಾಡಿ, ಅಂಗಳ ನೋಡುತ್ತ ಕೂರುತ್ತಿದ್ದರು. ನೀರು ಬೇಕಾ ಎಂದು ಕೇಳುವರು, ಬೇಡ ಎನ್ನುವೆ. ಮತ್ತೆ ಸ್ವಲ್ಪ ಹೊತ್ತಿಗೆ ಅದನ್ನೇ ಕೇಳುವರು. ನಾವಿಬ್ಬರೂ ಒಂದೇ ಕೋಣೆಯಲ್ಲಿ ಅಷ್ಟು ಹೊತ್ತು ಇದ್ದದ್ದು ನನಗೆ ಬುದ್ಧಿ ಬಂದ ಮೇಲೆ ಅದೇ ಮೊದಲು.

ನವೆಂಬರ್ ಇಪ್ಪತ್ತರ ಹೊತ್ತಿಗೆ ವಿಶ್ವಕಪ್ ಫುಟ್‌ಬಾಲ್ ಬಂತು. ಆ ಸಲ ಅದು ಗಲ್ಫಿನಲ್ಲಿ, ಚಳಿಗಾಲದಲ್ಲಿ. ದಿನದ ಮೊದಲ ಆಟ ನಮ್ಮ ಮಧ್ಯಾಹ್ನದ ಹೊತ್ತಿಗೆ ಶುರುವಾಗುತ್ತಿತ್ತು. ಒಂದು ಬೆಳಿಗ್ಗೆ ಅಪ್ಪ ಪೇಪರು ಹಿಡಿದುಕೊಂಡು ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿದರು. ಒಂದು ಪುಟದ ತುಂಬ ಆಟಗಾರರ ಫೋಟೊಗಳು. ಈ ಬಾರಿ ಯಾರ ಮೇಲೆ ಕಣ್ಣಿಡಬೇಕು ಎಂದು ಬರೆದಿದ್ದರು. ಅಪ್ಪ ಅದನ್ನು ಸರಕಾರಿ ಸುತ್ತೋಲೆ ಓದುವ ಹಾಗೆ ಜೋರಾಗಿ ಓದಲು ತೊಡಗಿದರು. ಯುರೋಪಿನ, ಆಫ್ರಿಕಾದ ಹೆಸರುಗಳನ್ನು ಅಕ್ಷರ ಬಿಡಿಸಿ, ಜೋಡಿಸಿ, ಮತ್ತೆ ಬಿಡಿಸಿ ಹೇಳುವಾಗ ನನಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಹೊಟ್ಟೆ ಅಲುಗುತ್ತದೆ. ದಿಂಬಿನ ತುದಿಯನ್ನು ಬಾಯಿಗೆ ತುರುಕಿಕೊಂಡೆ. ಅಪ್ಪ ಹೆದರಿ ಪೇಪರು ಮಡಚಿಟ್ಟರು. ಓದಿ ಎಂದು ನಾನೇ ಹೇಳಬೇಕಾಯಿತು.

ಪೂರ್ತಿ ಓದಿಯಾದ ಮೇಲೆ ನಾನೆಂದೆ, "ಇದರಲ್ಲಿ ಒಬ್ಬ ಗೋಲಿ ಸಹ ಇಲ್ಲ ಅಪ್ಪ."

ಗೋಲಿ ಎಂದರೆ ಯಾರು ಎಂದು ಅವರು ಕೇಳಿದರು. ಗೋಲು ಕಾಯುವವ ಎಂದೆ. ಅವರು ಮತ್ತೊಮ್ಮೆ ಪುಟದ ಮೇಲೆ ಬೆರಳಾಡಿಸಿ ನೋಡಿ, ಹೌದು, ಎಲ್ಲ ಗೋಲು ಹೊಡೆಯುವವರೇ ಎಂದು ಒಪ್ಪಿಕೊಂಡರು.

ಅದೇ ದಿನ ಕೇಬಲಿನವನನ್ನು ಕರೆಸಿ ಚಾವಡಿಯ ಟಿವಿಯನ್ನು ನನ್ನ ಕೋಣೆಗೆ ತರಿಸಿದರು. ತಲೆ ಕೆಳಗಿದ್ದ ನನಗೆ ಸರಿಯಾಗಿ ಕಾಣಲೆಂದು ಅದನ್ನು ಕಪಾಟಿನ ಮೇಲೆ ಸ್ವಲ್ಪ ಓರೆ ಮಾಡಿ ಇಟ್ಟರು. ಅಪ್ಪನಿಗೆ ಕುರ್ಚಿಯಲ್ಲಿ ಕುತ್ತಿಗೆ ವಾಲಿಸಿಯೇ ನೋಡಬೇಕಾಗುತ್ತಿತ್ತು. ಅಮ್ಮ ಸಂಜೆ ಬಂದು, ಧಾರಾವಾಹಿಗೂ ಇಲ್ಲಿಗೇ ಬರಬೇಕಾ ಎಂದು ಗೊಣಗಿದರು. ಆದರೆ ತೆಗೆಯಿರಿ ಎನ್ನಲಿಲ್ಲ.

ಮೊದಲ ದಿನ ಅಪ್ಪ ಚೆಂಡಿನ ಹಿಂದೆಯೇ ಕಣ್ಣೋಡಿಸಿ, ಅರ್ಧ ಗಂಟೆಯಲ್ಲಿ ಸುಸ್ತಾಗಿ ತೂಕಡಿಸಿದರು. ಮರುದಿನ ನಾನು ಅವರಿಗೊಂದು ಉಪಾಯ ಹೇಳಿದೆ. "ಚೆಂಡು ನೋಡ್ಬೇಡಿ. ನಾನು ಒಬ್ಬನನ್ನು ತೋರಿಸ್ತೇನೆ, ಅವನನ್ನು ಮಾತ್ರ ನೋಡಿ." ಕಾಲೇಜಿನಲ್ಲಿ ನಮ್ಮ ಪಿಟಿ ಮೇಡಂ ನಮಗೆ ಆಟ ನೋಡಲು ಕಲಿಸಿದ್ದು ಹೀಗೆ. ಒಂದು ದಿನ ಏಷ್ಯಾದ ಒಂದು ತಂಡದ ಎಡಬದಿಯ ಕಾವಲಿನವನು. ಅವನ ಕಾಲಿಗೆ ಚೆಂಡು ಸಿಕ್ಕಿದ್ದು ಅಪರೂಪ, ಆದರೆ ಇಡೀ ಹೊತ್ತು ಅವನು ಹಿಂದೆ ಮುಂದೆ ಓಡುತ್ತ ಒಂದು ದಾರಿಯನ್ನು ಮುಚ್ಚಿಯೇ ಇಟ್ಟಿದ್ದ. ಇನ್ನೊಂದು ದಿನ ಆಫ್ರಿಕಾದ ತಂಡದ ನಡು ಮೈದಾನದವನು, ಚೆಂಡು ಬರುವ ಮೊದಲೇ ಭುಜದ ಮೇಲಿಂದ ಹಿಂದೆ ನೋಡಿ, ಯಾರು ಎಲ್ಲಿದ್ದಾರೆಂದು ತಿಳಿದುಕೊಂಡಿರುತ್ತಿದ್ದ. ಅಪ್ಪ ಇದನ್ನೆಲ್ಲ ಬೇಗ ಹಿಡಿದರು. ಬೆಳಿಗ್ಗೆ ಕುರ್ಚಿ ಹಾಕುವಾಗಲೇ, ಇವತ್ತು ಯಾರು ಎಂದು ಕೇಳತೊಡಗಿದರು. ನಾನು ಬೆಳಗಿನ ಹೊತ್ತನ್ನು ಅದರಲ್ಲೇ ಕಳೆಯುತ್ತಿದ್ದೆ. ಪೇಪರಿನಲ್ಲಿ ಇಲ್ಲದ ಯಾರನ್ನು ಇವತ್ತು ತೋರಿಸಲಿ ಎಂದು ಯೋಚಿಸುವುದು.

ಒಂದು ಮಧ್ಯಾಹ್ನ ಒಬ್ಬ ಗೋಲಿಯನ್ನು ತೋರಿಸಿದೆ. ಅವನ ತಂಡವೇ ಎದುರಿನವರ ಅಂಗಳದಲ್ಲಿ ಆಡುತ್ತಿತ್ತು, ಇವನ ಹತ್ತಿರ ಚೆಂಡು ಬರಲೇ ಇಲ್ಲ. ಕ್ಯಾಮರಾ ಅವನನ್ನು ಆಗೊಮ್ಮೆ ಈಗೊಮ್ಮೆ ತೋರಿಸುತ್ತಿತ್ತು ಅಷ್ಟೆ. ಇವನಿಗೆ ಎಂತ ಕೆಲಸವೂ ಇಲ್ಲವಲ್ಲ ಎಂದರು ಅಪ್ಪ. ಅವನ ಬಾಯಿ ನೋಡಿ ಎಂದೆ. ತೋರಿಸಿದಾಗಲೆಲ್ಲ ಅವನು ಕಿರುಚುತ್ತಿದ್ದ. ಎಡಕ್ಕೆ ಹೋಗು, ಮುಂದೆ ಸರಿ, ಅವನನ್ನು ಬಿಡಬೇಡ. ಗೋಲಿಗೆ ಕೈ ಬಳಸಲು ಇರುವುದು ಬಿಳಿ ಗೆರೆಯೊಳಗಿನ ಅಷ್ಟು ಜಾಗ ಮಾತ್ರ, ಉಳಿದದ್ದನ್ನೆಲ್ಲ ಬಾಯಲ್ಲೇ ಮಾಡಬೇಕು ಎಂದು ವಿವರಿಸಿದೆ.

ಅಪ್ಪ ಸ್ವಲ್ಪ ಹೊತ್ತು ನೋಡಿ ಕೇಳಿದರು, "ನೀನು ಕಾಲೇಜಿನಲ್ಲಿ ಆಡುವಾಗ ಎಲ್ಲಿ ನಿಲ್ಲುದು?"

"ಅಲ್ಲೇ. ಗೋಲಿನಲ್ಲಿ."

"ಹೌದಾ? ನೀನು ಓಡಿ ಆಡುವವಳು ಅಂತ ನಾನು ಗ್ರಹಿಸಿದ್ದು."

ಅವರು ಅದನ್ನು ಸುಮ್ಮನೆ ಹೇಳಿದ್ದು. ಆದರೆ ನನಗೆ ಸಿಟ್ಟು ಬಂತು. ಪುತ್ತೂರಿನ ಕಾಲೇಜಿನಲ್ಲಿ ಎರಡು ವರ್ಷ ನಾನು ಗೋಲಿಯಾಗಿದ್ದೆ. ಹನ್ನೊಂದು ಹುಡುಗಿಯರನ್ನು ಒಟ್ಟು ಮಾಡುವುದೇ ಕಷ್ಟವಾಗಿದ್ದ ತಂಡ. ಕೆಂಪು ಮಣ್ಣಿನ ಮೈದಾನದಲ್ಲಿ ಹಾರಿ ಬಿದ್ದು ಮೊಣಕೈ ಸಿಪ್ಪೆ ಕಿತ್ತುಕೊಂಡು ಮನೆಗೆ ಬರುತ್ತಿದ್ದೆ. ವಿಶ್ವವಿದ್ಯಾಲಯದ ತಂಡದ ಶಿಬಿರಕ್ಕೆ ನನ್ನ ಹೆಸರು ಬಂದಾಗ, ಅಲ್ಲಿಂದ ಕೇರಳಕ್ಕೆ ಹೋಗಲಿಕ್ಕಿತ್ತು, ಅಪ್ಪ ಊಟ ಮಾಡುತ್ತ, ಇನ್ನು ಸಾಕು ಎಂದಿದ್ದರು. ಅಷ್ಟೇ ಮಾತು. ನಾನು ಏನೂ ಕೇಳದೆ ಬಿಟ್ಟಿದ್ದೆ. ಈಗ ಗೊತ್ತಾಯಿತು, ನಾನು ಬಿಟ್ಟದ್ದು ಏನನ್ನು ಎಂದು ಕೂಡ ಅವರಿಗೆ ತಿಳಿದಿರಲಿಲ್ಲ.

"ಮತ್ತೆ ಯಾಕೆ ಬೇಡ ಹೇಳಿದ್ದು ನೀವು?" ಎಂದು ಕೇಳಿಯೇಬಿಟ್ಟೆ.

ಅಪ್ಪ ಟಿವಿಯಿಂದ ಕಣ್ಣು ತೆಗೆಯದೆ ಹೇಳಿದರು. "ಸುಳ್ಯದ ನಿನ್ನ ದೊಡ್ಡಪ್ಪ ಬೇಡ ಹೇಳಿದ್ರು. ಸಂಬಂಧ ನೋಡುವಾಗ ಜನ ಮಾತಾಡ್ತಾರೆ ಅಂತ. ನಾನು ಹೂಂ ಹೇಳಿದೆ." ಆಮೇಲೆ, "ಅದರಲ್ಲಿ ನಾನು ಯೋಚನೆ ಮಾಡಿದ್ದು ಅಂತ ಎಂತ ಇಲ್ಲ ಮಗಾ," ಎಂದರು.

ಏನಾದರೂ ಕಾರಣ ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. ಬೇರೆ ದಿನವಾಗಿದ್ದರೆ ಎದ್ದು ಬಾಗಿಲು ಬಡಿದು ಹೊರಗೆ ಹೋಗುತ್ತಿದ್ದೆ. ಹೊಟ್ಟೆ ಹಿಡಿದುಕೊಂಡು ಮೆಲ್ಲಗೆ ಗೋಡೆಯ ಕಡೆಗೆ ಹೊರಳಿದೆ, ನನ್ನಿಂದ ಆಗುತ್ತಿದ್ದದ್ದು ಅಷ್ಟೇ. ಅವರೂ ನನ್ನನ್ನು ಬಿಟ್ಟು ಪೇಟೆಗೆ ಹೋಗುವಂತಿರಲಿಲ್ಲ. ಟಿವಿ ಆಫ್ ಮಾಡಿ ಕುರ್ಚಿಯನ್ನು ಜಗಲಿಗೆ ಒಯ್ದರು. ಅವರ ಕೆಮ್ಮು ನನಗೆ ಕೇಳುತ್ತಿತ್ತು, ನನ್ನ ಬಳೆಯ ಸದ್ದು ಅವರಿಗೆ ಕೇಳುತ್ತಿತ್ತು.

ಮರುದಿನವೂ ನಾನು ಮಾತಾಡಲಿಲ್ಲ. ಅವರು ಪೇಪರನ್ನು ಓದದೆ ಮಂಚದ ಮೇಲಿಟ್ಟು ಹೋದರು. ಅವತ್ತು ಪಕ್ಕದ ಮನೆಯ ಅಕ್ಕ ಕಟ್ಟಿದ ಬೀಡಿ ಕೊಡಲು ಬೀಡಿ ಕಂಪನಿಯ ಬ್ರಾಂಚಿಗೆ ಹೋದವರು ಮಧ್ಯಾಹ್ನವಾದರೂ ಬರಲಿಲ್ಲ. ನನಗೆ ಮೂತ್ರಕ್ಕೆ ಅವಸರವಾಯಿತು. ಅಪ್ಪನನ್ನು ಕರೆಯಬಾರದು ಎಂದು ಹಟ ಹಿಡಿದೆ. ಕಾಗೆ ನೋಡಿದೆ, ಬಸ್ಸು ಎಣಿಸಿದೆ, ಹಲ್ಲು ಕಚ್ಚಿದೆ. ಕಿಬ್ಬೊಟ್ಟೆ ಕಲ್ಲಿನಂತಾಗಿ ನೋವು ಶುರುವಾಯಿತು. ಆ ನೋವು ಯಾವುದರದ್ದು ಎಂದು ಗೊತ್ತಾಗದೆ ಹೆದರಿಕೆ ಹುಟ್ಟಿತು. ಹಿಂದಿನ ಸಲವೂ ನೋವು ಅಲ್ಲಿಂದಲೇ ತೊಡಗಿತ್ತು.

"ಅಪ್ಪ," ಎಂದು ಕರೆದೆ.

ಅವರು ಬಂದರು. ಏನೆಂದು ನಾನು ಹೇಳಬೇಕಾಗಲಿಲ್ಲ. ಮಂಚದ ಅಡಿಯಿಂದ ಬೆಡ್‌ಪ್ಯಾನ್ ತೆಗೆದು, ಬಿಸಿನೀರಿನಲ್ಲಿ ತೊಳೆದು ಬೆಚ್ಚಗೆ ಮಾಡಿ ತಂದರು. ಅಮ್ಮನಿಗೆ ಅದು ಯಾವತ್ತೂ ತೋಚಿರಲಿಲ್ಲ. ಒಂದು ಕೈಯನ್ನು ನನ್ನ ಸೊಂಟದ ಕೆಳಗೆ ಕೊಟ್ಟು ಎತ್ತಿ, ಸರಿಯಾಗಿ ಇಟ್ಟು, ಹೊದಿಕೆ ಎಳೆದು, ಗೋಡೆಯ ಕಡೆಗೆ ತಿರುಗಿ ನಿಂತರು. ನನಗೆ ನಾಚಿಕೆಗೆ ಅಳು ಬಂತು. ಅವರಿಗೆ ಕೇಳಿಸಿರಬೇಕು. ಎಲ್ಲ ಮುಗಿಸಿ, ತೊಳೆದಿಟ್ಟು, ಕೈ ಒರೆಸಿಕೊಂಡು ಬಂದವರು ಟಿವಿ ಹಾಕಿದರು. ಆಟ ಆಗಲೇ ಶುರುವಾಗಿತ್ತು.

"ಇವತ್ತು ಯಾರನ್ನು ನೋಡುದು?" ಎಂದು ಕೇಳಿದರು.

ಸಿಟ್ಟು ಹೋಗಿರಲಿಲ್ಲ. ಈಗಲೂ ಪೂರ್ತಿ ಹೋಗಿದೆ ಎಂದು ಹೇಳಲಾರೆ. ಆದರೆ ಕಣ್ಣೊರೆಸಿಕೊಂಡು ಪರದೆ ನೋಡಿ, ಆ ನಾಲ್ಕನೇ ನಂಬರಿನವನನ್ನು ನೋಡಿ ಎಂದೆ.

ತಂಡಗಳು ಒಂದೊಂದಾಗಿ ಮನೆಗೆ ಹೋದವು. ಪೇಪರಿನಲ್ಲಿ ಫೋಟೊ ಬಂದವರಲ್ಲಿ ಹಲವರು ಅಳುತ್ತ ಹೊರಗೆ ನಡೆದರು. ಕೊನೆಗೆ ನಾಲ್ಕು ತಂಡಗಳು ಉಳಿದಿದ್ದಾಗ, ಒಂದು ಬೆಳಿಗ್ಗೆ ಅಮ್ಮ ಇನ್ನೂ ಮನೆಯಲ್ಲಿರುವಾಗಲೇ, ನನಗೆ ಗರ್ಭದ ನೀರು ಹೋಯಿತು. ಏಳು ತಿಂಗಳು ತುಂಬಿರಲಿಲ್ಲ. ವ್ಯಾನು ಬಂತು. ಅಮ್ಮ ನನ್ನ ತಲೆ ಹಿಡಿದರು. ಅಪ್ಪ ಸೀಟಿನ ಎದುರಿನ ಜಾಗದಲ್ಲಿ ಮೊಣಕಾಲೂರಿ ಕೂತು, ಪುತ್ತೂರಿನವರೆಗೂ ನನ್ನ ಎರಡೂ ಪಾದಗಳನ್ನು ಎತ್ತಿ ಹಿಡಿದುಕೊಂಡೇ ಬಂದರು. ಹಂಪು ಬಂದಾಗಲೆಲ್ಲ ಡ್ರೈವರನಿಗೆ, ಮೆಲ್ಲ ಮಾರಾಯ, ಮೆಲ್ಲ ಎನ್ನುತ್ತಿದ್ದರು.

ಹೆಣ್ಣು ಮಗು, ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು. ಅತ್ತದ್ದು ನನಗೆ ಕೇಳಲೇ ಇಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟು, ಮೂಗಿಗೆ ನಳಿಕೆ ಹಾಕಿದರು. ಒಳಗೆ ಹೋಗಲು ನನಗೊಬ್ಬಳಿಗೆ ಮಾತ್ರ ಅನುಮತಿ. ಪೆಟ್ಟಿಗೆಯ ಪಕ್ಕದ ತೂತಿನಿಂದ ಕೈ ಹಾಕಿ ಬೆರಳು ಕೊಟ್ಟರೆ ಅದು ಹಿಡಿದುಕೊಳ್ಳುತ್ತಿತ್ತು. ಫೈನಲಿನ ರಾತ್ರಿ ಕಾರಿಡಾರಿನಲ್ಲಿ ಯಾರದೋ ಮೊಬೈಲಿನ ಸುತ್ತ ಜನ ಸೇರಿದ್ದರು. ಅಪ್ಪನೂ ಅಲ್ಲಿದ್ದಾರೆ ಎಂದುಕೊಂಡಿದ್ದೆ. ಹೊರಗೆ ಬಂದಾಗ ಅವರು ಮಕ್ಕಳ ಐಸಿಯುವಿನ ಬಾಗಿಲ ಪಕ್ಕದ ಬೆಂಚಿನಲ್ಲಿದ್ದರು. ಯಾರು ಗೆದ್ದದ್ದು ಎಂದು ಕೇಳಿದೆ. ಗೊತ್ತಿಲ್ಲ ಎಂದರು. ಮಗು ಹಾಲನ್ನು ಕಕ್ಕದೆ ಉಳಿಸಿಕೊಂಡಿತಾ ಎಂದು ಕೇಳಿದರು.

ಉಳಿಸಿಕೊಂಡಿತ್ತು. ಅಲ್ಲಿಂದ ಮುಂದೆ ದಿನಕ್ಕೆ ಸ್ವಲ್ಪ ಸ್ವಲ್ಪ ತೂಕ ಏರಿ, ಜನವರಿಯ ಕೊನೆಗೆ ಮನೆಗೆ ಕಳಿಸಿದರು. ಮಗುವನ್ನು ಅಮ್ಮ ಎತ್ತಿಕೊಂಡಿದ್ದರು. ಗಂಡ ಔಷಧಿ ತರಲು ಹೋಗಿದ್ದರು. ವ್ಯಾನು ಗೇಟಿನ ಹತ್ತಿರವೇ ನಿಂತಿತ್ತು. ಆಸ್ಪತ್ರೆಯೊಳಗೆ ವಾರ್ಡಿನಿಂದ ವಾರ್ಡಿಗೆ ಬಿಟ್ಟರೆ ನಾನು ತಿಂಗಳುಗಟ್ಟಲೆ ನಡೆದಿರಲಿಲ್ಲ, ಕಾಲುಗಳು ಸಣಕಲಾಗಿದ್ದವು. ರಸ್ತೆ ದಾಟಿ ಎದುರಿನ ಹೋಟೆಲಿಗೆ ನಡೆದುಕೊಂಡು ಹೋಗಿ ಚಾ ಕುಡಿಯಬೇಕು ಎಂದೆ. ಅಮ್ಮ ಬಯ್ದರು, ಹಸಿ ಬಾಣಂತಿ, ಬಿಸಿಲು, ಧೂಳು ಎಂದರು.

"ಹೋಗ್ಲಿ," ಎಂದರು ಅಪ್ಪ.

ಅವರು ಕೈ ಹಿಡಿಯಲು ಬಂದರು, ನಾನು ಬೇಡವೆಂದೆ. ರಸ್ತೆ ದಾಟುವಷ್ಟರಲ್ಲಿ ಮೀನಖಂಡ ಸೆಳೆದು ಕಣ್ಣಲ್ಲಿ ನೀರು ಬಂತು. ಹೋಟೆಲಿನ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತೆ. ಅಪ್ಪ ಎರಡು ಚಾ ಹೇಳಿದರು. ಚಾ ಬಂದಾಗ ನಾನು ಎದ್ದು, ಅದನ್ನು ನಿಂತುಕೊಂಡೇ ಕುಡಿದೆ.