ಗುಲ್ಜಾರ್ ಬೀ ಕಲಿತ ಹನ್ನೊಂದು ತೆಲುಗು ಮಾತು

ಬೆಳಗಿನ ಐದು ಗಂಟೆ. ಅರ್ಕಾವತಿ ದಂಡೆಯ ಓಣಿಯಲ್ಲಿ ಇನ್ನೂ ಮಬ್ಬುಗತ್ತಲು. ಆದರೆ ರಾಮನಗರ ಆಗಲೇ ಎದ್ದು ಕೂತಿದೆ. ರೇಷ್ಮೆ ಕಾರ್ಖಾನೆಗಳ ಒಲೆಗೆ ಬೆಂಕಿ ಬಿದ್ದು, ಬೆಂದ ಗೂಡಿನ ವಾಸನೆ ಮನೆಮನೆಗೂ ನುಗ್ಗಿದೆ. ಗುಲ್ಜಾರ್ ಬೀ ಬಾಗಿಲ ಅಗಳಿ ತೆಗೆದು ಹೊಸ್ತಿಲ ಮೇಲೆ ನಿಲ್ಲುತ್ತಾರೆ. ಕಂಕುಳಲ್ಲಿ ಮಕ್ಕಳನ್ನು ಎತ್ತಿಕೊಂಡ ಹೆಂಗಸರು ಒಬ್ಬೊಬ್ಬರಾಗಿ ಬರುತ್ತಾರೆ. ಬಂದವರಿಗೆಲ್ಲ ಎರಡೇ ಪ್ರಶ್ನೆ: "ಹಾಲು ಕುಡಿದೈತಾ? ಮೈ ಬಿಸಿ ಏನಾದ್ರೂ ಐತಾ?"

ಕಾಲು ಗಂಟೆಯೊಳಗೆ ಹದಿನಾಲ್ಕು ಮಕ್ಕಳು. ಐದು ಕೂಸುಗಳು ತೊಲೆಗೆ ಕಟ್ಟಿದ ಸೀರೆ ಜೋಲಿಗೆ, ಉಳಿದವು ಚಾಪೆಗೆ. ತಾಯಂದಿರು ಸೆರಗು ಬಿಗಿದು ಓಡುತ್ತಾರೆ. ಅಕ್ಕೂರು, ಹೊಂಗನೂರು, ವಿರೂಪಾಕ್ಷಿಪುರದ ಕಡೆಯಿಂದ ಬಂದ ಗೂಡು ಬಿಸಿನೀರಿಗೆ ಬೀಳುವ ಹೊತ್ತದು. ಇನ್ನು ಸಂಜೆ ಆರರವರೆಗೆ ಅವರ ಕೈ ನೂಲಿನದು, ಅವರ ಮಕ್ಕಳು ಗುಲ್ಜಾರ್ ಬೀ ಅವರದು.

ಎಲ್ಲರಿಗಿಂತ ಕಡೆಗೆ ಬರುವವಳು ಮುನಿತಾಯಮ್ಮ. ಜೊತೆಯಲ್ಲಿ ಐದು ವರ್ಷದ ಮಗಳು. ಅಜ್ಜಿಯ ಹೆಸರು ಇಟ್ಟಿದ್ದರಿಂದ ಇಷ್ಟು ಪುಟ್ಟ ಹುಡುಗಿ ಮಾರಕ್ಕ. ಗುಲ್ಜಾರ್ ಬೀ ಈ ಮಗುವನ್ನು ಎತ್ತಿಕೊಳ್ಳಲು ಹೋಗುವುದಿಲ್ಲ, ಕೈಯನ್ನೂ ಹಿಡಿಯುವುದಿಲ್ಲ. ಹೊಸ್ತಿಲ ಪಕ್ಕ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ "ರಾ" ಎಂದು ತೆಲುಗಿನಲ್ಲಿ ಕರೆಯುತ್ತಾರೆ. ಆಮೇಲೆ ಕಾಯುತ್ತಾರೆ. ಮಾರಕ್ಕ ಬೆರಳುಗಳನ್ನು ಕಣ್ಣ ಮುಂದೆ ಆಡಿಸುತ್ತಾ ನಿಂತಿರುತ್ತಾಳೆ. ಇವತ್ತು ನಾಲ್ಕು ನಿಮಿಷ ಹಿಡಿಯಿತು. ತಾನಾಗೇ ಒಳಗೆ ಬಂದು ಗೋಡೆ ಮೂಲೆಯ ತನ್ನ ಜಾಗದಲ್ಲಿ ಕೂತಳು.

"ಕೆಲವು ದಿನ ಹತ್ತು ನಿಮಿಷ ಆಯ್ತದೆ," ಅನ್ನುತ್ತಾರೆ ಗುಲ್ಜಾರ್ ಬೀ. "ಎಳೆದ್ರೆ ಇಡೀ ದಿನ ಕೆಟ್ಟೋಯ್ತದೆ. ಇದನ್ನ ಕಲಿಯೋಕೆ ನಂಗೆ ಒಂದೂವರೆ ವರ್ಸ ಬೇಕಾಯ್ತು."

ಅವರಿಗೀಗ ಐವತ್ತೈದರ ಆಸುಪಾಸು. ಹುಟ್ಟಿದ್ದು ಕೃಷ್ಣಗಿರಿ ಕಡೆ, ತಮಿಳು ಮಾತಾಡುವ ಮನೆಯಲ್ಲಿ. ಹದಿನೈದಕ್ಕೆ ರೇಷ್ಮೆ ನೂಲು ತೆಗೆಯುವ ಕರೀಂ ಅವರ ಕೈಹಿಡಿದು ಇಲ್ಲಿಗೆ ಬಂದಾಗ ಉರ್ದೂ ಬಾರದು, ಕನ್ನಡವೂ ಬಾರದು. ಎಂಟು ತಿಂಗಳು ಬಾಯಿ ಬಿಡಲಿಲ್ಲ. ಓಣಿಯವರು 'ಮೂಗಿ ಸೊಸೆ' ಎಂದೇ ಕರೆದರು. "ಮಾತು ಇತ್ತು. ಆಡೋಕೆ ಜನ ಇರ್ಲಿಲ್ಲ," ಎಂದು ಈಗ ನಗುತ್ತಾರೆ. ಗಂಡನ ಪಕ್ಕದಲ್ಲೇ ಕೂತು ಇಪ್ಪತ್ತೈದು ವರ್ಷ ನೂಲು ತೆಗೆದರು. ಕುದಿನೀರಿಗೆ ಬೆರಳಿನ ಚರ್ಮ ಸುಲಿದು, ಕೊನೆಗೆ ಎಳೆಯೇ ಕೈಗೆ ಸಿಗದಂತಾಯಿತು. ಮಕ್ಕಳಾಗಲಿಲ್ಲ. ಕರೀಂ ತೀರಿಕೊಂಡು ಆರು ವರ್ಷ.

ಕರೀಂ ಇದ್ದಾಗಲೇ ರೇಷ್ಮೆಗೆ ಸುಗ್ಗಿ ಬಂದಿತ್ತು. ಓಣಿಗೊಂದಿದ್ದ ಕಾರ್ಖಾನೆ ಹತ್ತಾಯಿತು. ಕನಕಪುರದ ಕಾಡಂಚಿನಿಂದ, ಮಾಗಡಿಯಿಂದ, ಗಡಿಯಾಚೆಯಿಂದ ಗಂಡ ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಬಂದರು. ಹೆತ್ತವರು ಕೆಲಸಕ್ಕೆ ಕೂತರೆ ಮಕ್ಕಳು ಕುದಿಯುವ ಬಾನಿಗಳ ನಡುವೆ ಅಂಬೆಗಾಲಿಡುತ್ತಿದ್ದವು. ಅದನ್ನು ನೋಡಲಾರದೆ ಗುಲ್ಜಾರ್ ಬೀ ಎರಡು ಕೂಸುಗಳನ್ನು ಮನೆಗೆ ತಂದಿಟ್ಟುಕೊಂಡರು. ಅದಾಗಿ ಒಂಬತ್ತು ವರ್ಷ.

ಮಾರಕ್ಕ ಬಂದದ್ದು ಎರಡೂವರೆ ವರ್ಷದವಳಿದ್ದಾಗ. ಅಪ್ಪ ಮುನಿಶಾಮಯ್ಯ ಕಾರ್ಖಾನೆಯ ಒಲೆ ಉರಿಸುವವನು. ಡೆಂಕಣಿಕೋಟೆ ಆಚೆಯ ಹಳ್ಳಿಯವರು, ಮನೆಮಾತು ತೆಲುಗು. ಮಗು ಹೆಸರು ಕೂಗಿದರೆ ತಿರುಗುತ್ತಿರಲಿಲ್ಲ. ಮುಖ ನೋಡುತ್ತಿರಲಿಲ್ಲ. ಬೇರೆ ಮಕ್ಕಳು ಗದ್ದಲ ಮಾಡಿದರೆ ಕಿವಿ ಮುಚ್ಚಿಕೊಂಡು ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಿದ್ದಳು. ಮುನಿತಾಯಮ್ಮ ಅಳುಮುಖ ಮಾಡಿದಾಗ ಗುಲ್ಜಾರ್ ಬೀ ಧೈರ್ಯ ಹೇಳಿದರು: "ಹೆದರ್ಬ್ಯಾಡ ಕಣಮ್ಮ. ಮನೇಲಿ ಒಂದು ಭಾಷೆ, ಬೀದೀಲಿ ಒಂದು, ನನ್ನ ಹತ್ರ ಇನ್ನೊಂದು. ಕೂಸಿಗೆ ಕಲಸ್ಕೊಂಡೈತೆ. ನಾನೂ ಹಿಂಗೇ ಇದ್ದೆ. ರಂಜಾನ್ ಹೊತ್ಗೆ ಮಾತಾಡ್ತಾಳೆ, ನೋಡ್ತಿರು."

ಆ ರಂಜಾನ್ ಹೋಯಿತು. ಇನ್ನೊಂದೂ ಬಂದು ಹೋಯಿತು.

ಕೊಳಾಯಿ ಹತ್ತಿರ ಹೆಂಗಸರು ಆಡಿಕೊಳ್ಳತೊಡಗಿದರು. "ಹಾಲು ಕುಡಿಯೋ ಕೂಸನ್ನ ಊರು ಬುಡಿಸ್ಕೊಂಡ್ ಬಂದ್ರೆ ಇನ್ನೇನಾಯ್ತದೆ?" ಊರಿನಿಂದ ಮುನಿಶಾಮಯ್ಯನ ತಾಯಿ ಹೇಳಿ ಕಳಿಸಿದರು: ಮನೆದೇವರನ್ನು ಬಿಟ್ಟು ಹೋದಿರಿ, ಅದಕ್ಕೇ ದೇವರು ಮಗುವಿನ ನಾಲಿಗೆ ಕಿತ್ತುಕೊಂಡಿದೆ. ಮುನಿತಾಯಮ್ಮ ಉಣ್ಣುವುದನ್ನೇ ಕಮ್ಮಿ ಮಾಡಿದಳು. ಗಂಡ ಸೋತು, "ನಿಮ್ಮಿಬ್ರನ್ನೂ ಊರಿಗೆ ಬುಟ್ಟು ಬತ್ತೀನಿ" ಅಂದ. ಊರಿಗೆ ಹೋದರೆ ಮಗುವನ್ನು ಕೋಣೆಯಲ್ಲಿ ಕೂಡಿಹಾಕಿ, ಮಂತ್ರದವನ ಬೇವಿನ ಬರಲಿನ ಏಟಿಗೆ ಒಪ್ಪಿಸುತ್ತಾರೆಂಬುದು ತಾಯಿಗೆ ಗೊತ್ತಿತ್ತು.

ಗುಲ್ಜಾರ್ ಬೀ ಮುನಿಶಾಮಯ್ಯನ ಒಲೆಯ ಮುಂದೆ ಹೋಗಿ ನಿಂತರು. "ಮೂರು ಶುಕ್ರವಾರ ಕೊಡಪ್ಪ. ಬೆಂಗ್ಳೂರಲ್ಲಿ ಡಾಕ್ಟ್ರಿಗೆ ತೋರ್ಸ್ತೀನಿ. ಆಮೇಲೆ ನಿನ್ನಿಷ್ಟ."

ಶುಕ್ರವಾರ ಕಾರ್ಖಾನೆಗಳಿಗೆ ರಜೆ. ಮೂರು ವಾರ ಅವರು ತಾಯಿ ಮಗಳನ್ನು ಬೆಳಗಿನ ರೈಲು ಹತ್ತಿಸಿಕೊಂಡು ಹೋದರು. ಒಂದು ಸಲ ರೈಲಿನ ಶಿಳ್ಳೆಗೆ ಮಾರಕ್ಕ ಪ್ಲಾಟ್‌ಫಾರಂ ಮೇಲೆ ಬಿದ್ದು ಹೊರಳಾಡಿದಳು. ಜನ ಸುತ್ತ ನಿಂತು ನೋಡಿದರು. ಗುಲ್ಜಾರ್ ಬೀ ಬುರ್ಖಾ ಬಿಚ್ಚಿ ಮಗುವಿನ ಮೇಲೆ ಹೊದಿಸಿ, ಪಕ್ಕದಲ್ಲೇ ಮಲಗಿಬಿಟ್ಟರು. ಮುಂದಿನ ರೈಲಿಗೆ ಹೋದರು.

ಮೂರನೇ ವಾರ ಡಾಕ್ಟರಮ್ಮ ಆಟಿಸಂ ಎಂಬ ಹೆಸರು ಹೇಳಿದರು. ಹುಟ್ಟಿನಿಂದಲೇ ಬಂದದ್ದು, ಔಷಧಿಯಿಂದ ಹೋಗುವಂಥದ್ದಲ್ಲ, ತಾಳ್ಮೆಯಿಂದ ಒಂದೊಂದೇ ಕಲಿಸಬೇಕು ಎಂದರು. ಗುಲ್ಜಾರ್ ಬೀ ಕೇಳಲೇಬೇಕಾದ್ದನ್ನು ಕೇಳಿದರು: "ಇವ್ರು ಊರು ಬುಟ್ಟು ಬಂದಿದ್ದಕ್ಕೆ ಹಿಂಗಾಯ್ತಾ?"

"ಊರು ಬಿಟ್ಟವರ ಮಕ್ಕಳಲ್ಲೂ ನೋಡಿದ್ದೀನಿ, ಊರಲ್ಲೇ ಇದ್ದವರ ಮಕ್ಕಳಲ್ಲೂ ನೋಡಿದ್ದೀನಿ. ಯಾಕೆ ಬರುತ್ತೆ ಅಂತ ಪೂರ್ತಿ ಯಾರಿಗೂ ಗೊತ್ತಿಲ್ಲ. ಆದ್ರೆ ತಾಯಿ ತಪ್ಪಂತೂ ಅಲ್ಲ," ಎಂದರು ಡಾಕ್ಟರಮ್ಮ. ಸದ್ಯಕ್ಕೆ ಮನೆಮಾತಿನಲ್ಲೇ, ಕಮ್ಮಿ ಮಾತಿನಲ್ಲಿ, ಕೈಸನ್ನೆ ಸೇರಿಸಿ ಹೇಳಿಕೊಡಿ ಎಂದೂ ಹೇಳಿದರು.

ವಾಪಸು ರೈಲಿನಲ್ಲಿ ಗುಲ್ಜಾರ್ ಬೀ ಕಿಟಕಿ ಕಡೆ ಮುಖ ಮಾಡಿ ಕೂತರು. ತನ್ನ ಹಳೆಯ ಮೌನವೂ ಈ ಮಗುವಿನ ಮೌನವೂ ಒಂದೇ ಎಂದು ತಿಳಿದದ್ದು ತಪ್ಪಾಗಿತ್ತು. ಕೆಂಗೇರಿ ದಾಟಿದ ಮೇಲೆ ಮುನಿತಾಯಮ್ಮನ ಕಡೆ ತಿರುಗಿದರು. "ರಂಜಾನ್ ಹೊತ್ಗೆ ಮಾತಾಡ್ತಾಳೆ ಅಂತ ಸುಳ್ಳು ಹೇಳ್ಬುಟ್ಟೆ ಕಣಮ್ಮ. ಒಂದೂವರೆ ವರ್ಸ ಹಾಳಾಯ್ತು ನನ್ನಿಂದ."

ಬಿಡದಿ ಬಂತು. ಮುನಿತಾಯಮ್ಮ ಅಂದಳು: "ಎಲ್ರೂ ನಂದೇ ತಪ್ಪು ಅಂದ್ರು, ಬೀಬಮ್ಮ. ನೀವೊಬ್ರೇ ಮಾತಾಡ್ತಾಳೆ ಅಂದೋರು. ಆ ಮಾತು ಹಿಡ್ಕೊಂಡೇ ಇಷ್ಟು ದಿನ ಇದ್ದೆ."

ಮಾರನೆಯ ದಿನವೇ ಗುಲ್ಜಾರ್ ಬೀ ತೆಲುಗಿಗೆ ಕೂತರು. ಸಂಜೆ ಮಗಳನ್ನು ಕರೆದೊಯ್ಯಲು ಬಂದಾಗ ಮುನಿತಾಯಮ್ಮ ಒಂದು ಮಾತು ಹೇಳಿಕೊಡುವಳು. ಇವರು ಅದನ್ನು ಪಾತ್ರೆ ತೊಳೆಯುತ್ತಾ ಬಾಯಿಪಾಠ ಮಾಡುವರು. ರಾ, ನೀಳ್ಳು, ಅನ್ನಂ, ಮಲಗು ಅನ್ನಲು ಪಡುಕೋ... ಒಟ್ಟು ಹನ್ನೊಂದು. ಮಾರಕ್ಕನಿಗಾಗಿ ಮೂಲೆಯಲ್ಲೊಂದು ಕಂಬಳಿ ಮರೆ ಕಟ್ಟಿದರು. ಆರು ತಿಂಗಳ ಮೇಲೆ ಒಂದು ಮಧ್ಯಾಹ್ನ ಮಾರಕ್ಕ ಎದ್ದು ಬಂದು, ಅವರ ಸುಲಿದ ಬೆರಳುಗಳನ್ನು ಹಿಡಿದು, ನೀರಿನ ಗಡಿಗೆಯ ಮೇಲೆ ಇಟ್ಟಳು. ಮುಖ ಮಾತ್ರ ಬೇರೆ ಕಡೆಗಿತ್ತು. ಗುಲ್ಜಾರ್ ಬೀ "ನೀಳ್ಳು" ಅಂದು ಲೋಟ ತುಂಬಿದರು. "ಆವತ್ತು ನಾನೇ ಎರಡು ಲೋಟ ನೀರು ಕುಡಿದೆ, ಯಾಕೆ ಅಂತ ಗೊತ್ತಿಲ್ಲ," ಅನ್ನುತ್ತಾರೆ.

ಮಾರಕ್ಕ ಇವತ್ತಿಗೂ ಮಾತಾಡಿಲ್ಲ. ತಟ್ಟೆಯಲ್ಲಿ ತಾನೇ ಉಣ್ಣುತ್ತಾಳೆ. ತಲೆ ಚಚ್ಚಿಕೊಳ್ಳುವುದು ವಾರಕ್ಕೊಮ್ಮೆಗೆ ಇಳಿದಿದೆ.

ಈ ಯುಗಾದಿ ಕಳೆದ ಮೇಲೆ ಅವರು ಹೊರಡುತ್ತಾರೆ. ಹಿಂದೂಪುರದ ಹೊಸ ಕಾರ್ಖಾನೆಯೊಂದರಲ್ಲಿ ಗಂಡ ಹೆಂಡತಿ ಇಬ್ಬರಿಗೂ ಕೆಲಸ ಸಿಕ್ಕಿದೆ. ಸುತ್ತ ತೆಲುಗು ಮಾತಿನ ಜನ. ಮಗುವಿಗೆ ಒಳ್ಳೆಯದೇ ಎಂದು ಮೊದಲು ಹೇಳಿದವರು ಗುಲ್ಜಾರ್ ಬೀ. ಅವರಿಗೆ ಓದು ಬರಹ ಬಾರದು. ಯಾವ ಸದ್ದಿಗೆ ಹೆದರುತ್ತಾಳೆ, ಯಾವ ಬಟ್ಟೆ ಮೈಗೆ ಆಗುವುದಿಲ್ಲ, ಅಳು ಬರುವ ಮುಂಚೆ ಕಾಲು ಹೇಗೆ ಕುಣಿಸುತ್ತಾಳೆ ಎಂಬುದನ್ನೆಲ್ಲ ಮುನಿತಾಯಮ್ಮನಿಗೆ ದಿನಾ ಒಂದೊಂದಾಗಿ ಬಾಯಲ್ಲೇ ಒಪ್ಪಿಸುತ್ತಿದ್ದಾರೆ. ತಾಯಿ ಬಾನಿಯ ಮುಂದೆ ಕೂತಿದ್ದಾಗ, ಅವಳು ನೋಡದೆ ನಡೆದದ್ದಲ್ಲವೇ ಅದೆಲ್ಲ.

ಮಕ್ಕಳಿಲ್ಲದ ಶುಕ್ರವಾರ ಗುಲ್ಜಾರ್ ಬೀ ಜೋಲಿಗಳನ್ನು ಒಗೆದು ಹರವುತ್ತಾರೆ. ಅದು ಹತ್ತು ಗಂಟೆಗೆಲ್ಲ ಮುಗಿದುಹೋಗುತ್ತದೆ. ಆಮೇಲೆ ಬಾಗಿಲು ತೆರೆದೇ ಕೂರುತ್ತಾರೆ; ಯಾರೂ ಬರುವುದಿಲ್ಲ. "ಈ ಮನೆ ಇಷ್ಟು ದೊಡ್ಡದು ಅಂತ ಆವತ್ತೇ ಗೊತ್ತಾಗೋದು," ಅನ್ನುತ್ತಾರೆ. ಹೋದ ಮಕ್ಕಳು ಯಾರಾದರೂ ಮತ್ತೆ ಬಂದಿದ್ದುಂಟೆ ಎಂದರೆ, ಇಲ್ಲವೆಂದು ತಲೆಯಾಡಿಸುತ್ತಾರೆ. "ಕೂಸುಗಳು, ಅವಕ್ಕೇನು ನೆನಪಿರ್ತದೆ."

ಒಂದು ಆಸೆ ಮಾತ್ರ ಇದೆ. ಕೇಳಿದರೆ ನಾಚಿಕೊಂಡು ಹೇಳುತ್ತಾರೆ:

"ಹಿಂದೂಪುರಕ್ಕೆ ಬೆಂಗ್ಳೂರಿಂದ ರೈಲು ಐತಂತೆ. ಒಂದ್ಸಲ ಹೋಗಿ ನೋಡ್ಕೊಂಡು ಬರ್ಬೇಕು. ಅವಳು ಗುರ್ತು ಹಿಡೀದಿದ್ರೂ ಪರ್ವಾಗಿಲ್ಲ. ನಾನು ಹಿಡೀತೀನಲ್ಲ."