ಆನೆಯ ಉಸಿರು ಕದ್ದವಳು

ಅತ್ತೆ, ನಿನ್ನ ಬಾಯಿಗೆ ‘ಹ’ ಸೇರಿಸಿದ್ದು ಸಾಫ್ಟ್‌ವೇರ್ ಅಲ್ಲ, ನಾನು. ಎರಡು ವರ್ಷದಿಂದ ಈ ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡೇ ನಿನ್ನ ಮನೆಯ ಕಾಫಿ ಕುಡಿದಿದ್ದೇನೆ. ನಿನಗೆ ಓದಲು ಬಾರದೆಂದು ಗೊತ್ತಿದ್ದೇ, ಬಾಯಲ್ಲಿ ಹೇಳುವ ಮೊದಲು ಬರೆಯುತ್ತಿದ್ದೇನೆ — ಹೇಡಿ ನಾನು.

ಹಂಗಳ ಊರಿನ ನಿನ್ನ ಮನೆ ಜಗಲಿಯ ಆ ಮಧ್ಯಾಹ್ನ ನೆನಪಿದೆಯಾ? ನೀನು ಅವರೆಕಾಯಿ ಸುಲಿಯುತ್ತಿದ್ದೆ. ನನ್ನ ಪಾಡ್‌ಕಾಸ್ಟಿಗೆಂದು ನಿನ್ನ ಸೆರಗಿಗೆ ನಾನು ಪುಟ್ಟ ಮೈಕ್ ಸಿಕ್ಕಿಸಿದ್ದೆ. ಹೊಸದಾಗಿ ಮದುವೆಯಾಗಿ ಬಂದಾಗಿನ ಕಥೆ ತೆಗೆದೆ ನೀನು.

‘ಒಲ ಕಾಯಕ್ಕೆ ನಾನೊಬ್ಳೇ ಓಗಿದ್ದೆ ಕಣಮ್ಮಿ. ಬೆಳಗಿನ ಮಂಜು. ಅಟ್ಟಣೆ ಮ್ಯಾಲಿಂದ ನೋಡ್ತೀನಿ, ಕೆಳಗೇ ಆನೆ! ಸೊಂಡ್ಲು ಎತ್ತಿ ನನ್ ಪಾದಕ್ಕೆ ಉಸ್ರು ಬುಡ್ತು — ಹ್ಹಾ...’

ನೀನು ಬಿಟ್ಟ ಆ ಉಸಿರಿಗೆ ಅವರೆಸಿಪ್ಪೆ ಅಲುಗಿತು. ಬಿಸಿಲಿನಲ್ಲಿ ಕೂತಿದ್ದ ನನಗೆ ಸುತ್ತ ಮಂಜು ಕಂಡಿತು. ಎಲ್ಲಿದ್ದೇನೆ, ಯಾಕೆ ಬಂದಿದ್ದೇನೆ — ಯಾವುದೂ...

ಚಾಮರಾಜನಗರದ ನನ್ನ ಮನೆಗೆ ಬಂದು ರೆಕಾರ್ಡಿಂಗನ್ನು ಮತ್ತೆ ಕೇಳಿದೆ. ಓಗಿದ್ದೆ, ಒಲ, ಉಲ್ಲು, ಅಸು — ಒಂದಕ್ಕೂ ‘ಹ’ ಇಲ್ಲ. ಮೈಸೂರಿನ ಹಾಸ್ಟೆಲಿನಲ್ಲಿ ನನ್ನ ‘ಓಗ್ತೀನಿ’ಗೆ ನಕ್ಕಿದ್ದವರೆಲ್ಲ ಕಿವಿಯೊಳಗೆ ಮತ್ತೆ ನಕ್ಕರು. ಹೀಗೇ ಬಿಟ್ಟರೆ ಜನ ಅತ್ತೆಯನ್ನು ನೋಡಿ ನಗುತ್ತಾರೆ ಅಂದುಕೊಂಡೆ. ಅದೂ ಸುಳ್ಳೇ. ನನ್ನನ್ನು ನೋಡಿ ನಗುತ್ತಾರೆಂದು ಹೆದರಿದ್ದೆ.

ಎಡಿಟಿಂಗಿಗೆ ಮೂರು ಸಾಫ್ಟ್‌ವೇರ್ ನೋಡಿದೆ. ಮೊದಲನೆಯದಕ್ಕೆ ತುದಿ, ಬುಡ ಕತ್ತರಿಸುವುದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಎರಡನೆಯದು ಮಾತನ್ನು ಅಕ್ಷರ ಮಾಡಿ ತೋರಿಸುವಂಥದ್ದು. ನಿನ್ನ ‘ಓಗಿದ್ದೆ’ಯನ್ನು ‘ಓದಿದ್ದೆ’ ಅಂತ ಬರೆಯಿತು. ಶಾಲೆಯ ಮೆಟ್ಟಿಲನ್ನೇ ಹತ್ತದ ನಿನ್ನನ್ನು! ಮೂರನೆಯದರಲ್ಲಿ ಒಂದು ಧ್ವನಿಯ ಕೆಳಗೆ ಇನ್ನೊಂದನ್ನಿಟ್ಟು, ಚೂರೇ ಚೂರು ಸದ್ದನ್ನೂ ಗುರುತು ಸಿಗದಂತೆ ಅಂಟಿಸಬಹುದಿತ್ತು. ಗಾಳಿಯ ಸದ್ದು ಚೆನ್ನಾಗಿ ತೆಗೆಯುತ್ತದೆ, ಅದಕ್ಕೇ ಇದನ್ನು ಆರಿಸಿದೆ ಎಂದು ಸ್ನೇಹಿತರಿಗೆ ಹೇಳಿದೆ. ಆರಿಸಿದ್ದು ‘ಹ’ ಅಂಟಿಸಲು.

ಆದರೆ ನಿನ್ನ ದನಿಯ ‘ಹ’ ಬೇಕಲ್ಲ? ಇಡೀ ರೆಕಾರ್ಡಿಂಗಿನಲ್ಲಿ ಸಿಕ್ಕಿದ್ದು ಒಂದೇ ಒಂದು — ಆನೆಯ ಉಸಿರು. ಅದನ್ನು ಕತ್ತರಿಸಿ, ಮೂವತ್ತೊಂದು ಕಡೆ, ನಿನ್ನ ಮಾತುಗಳ ಮುಂದೆ ಇಟ್ಟೆ. ಆನೆಗೆ ಮಾತ್ರ ಉಳಿಸಲಿಲ್ಲ. ಮೈಕಿಗೆ ಊದಿದ ಹಾಗೆ ಕೇಳುತ್ತದೆ ಅನ್ನಿಸಿತ್ತು. ಹಳ್ಳಿಯವರಾದರೂ ಎಷ್ಟು ಶುದ್ಧ ಕನ್ನಡ ಎಂದು ಪಾಡ್‌ಕಾಸ್ಟ್ ಕೇಳಿದವರೆಲ್ಲ ಹೊಗಳಿದರು. ನಾನು ಬೀಗಿದೆ, ಅತ್ತೆ.

ನೀನು ಫೋನನ್ನು ಕಿವಿಗೊತ್ತಿಕೊಂಡು ಕೊನೆತನಕ ಕೇಳಿದೆ. ‘ಇದ್ಯಾರಮ್ಮಿ, ನನ್ನಂಗೇ ಮಾತಾಡ್ತಾಳೆ?’ ಅಂದೆ. ಫೋನನ್ನು ನನ್ನ ಕೈಗೆ ಕೊಡುತ್ತಾ — ‘ಆನೆ ಯಾಕೆ ಉಸ್ರೇ ಬುಡ್ನಿಲ್ಲ?’

‘ಸಾಫ್ಟ್‌ವೇರ್ ತಾನಾಗೇ ತಪ್ಪು ಸರಿಮಾಡುತ್ತೆ ಅತ್ತೆ.’

ತಪ್ಪು ಅಂದೆ. ಆ ಮಾತು ನನ್ನ ಬಾಯಿಂದಲೇ ಬಂತು.

ಮುಂದಿನ ಸಲ ಮೈಕ್ ಸಿಕ್ಕಿಸಿದಾಗ ನೀನು ಸೆಟೆದು ಕೂತಿದ್ದೆ. ಗಂಟಲು ಸರಿಮಾಡಿಕೊಂಡು, ‘ಹಾನೆ ಬಂತು’ ಅಂದೆ. ನಾನು — ಅಯ್ಯೋ, ನಾನು ನಕ್ಕುಬಿಟ್ಟೆ. ನೀನು ಮೈಕ್ ಕಿತ್ತು ನನ್ನ ಕೈಗಿಟ್ಟೆ. ‘ಬುಡಮ್ಮಿ, ನನ್ ಬಾಯಿ ಸರಿಗಿಲ್ಲ.’ ಅಲ್ಲಿಂದಾಚೆ ನೀನು ಯಾರಿಗೂ ಕಥೆ ಹೇಳಿಲ್ಲ. ಮೊಮ್ಮಗಳಿಗೂ ಇಲ್ಲ.

ಆ ಸಾಫ್ಟ್‌ವೇರ್ ಮೂಲ ಧ್ವನಿಯನ್ನು ಕೆಡಿಸುವುದಿಲ್ಲ, ಹಾಗೇ ಇಟ್ಟಿರುತ್ತದೆ. ಈಚೆಗೆ ಒಂದು ದಿನ ಕೂತು ಮೂವತ್ತೊಂದು ‘ಹ’ಗಳನ್ನೂ ಒಂದೊಂದಾಗಿ ತೆಗೆದೆ. ಉಸಿರನ್ನು ಆನೆಗೆ ಹಿಂತಿರುಗಿಸಿದೆ. ಕಣ್ಣು ಮುಚ್ಚಿ ಕೇಳಿದರೆ ಮಂಜು ಇಳಿಯಿತು, ಅಟ್ಟಣೆ ಮೆಲ್ಲಗೆ ತೂಗಿತು, ನನ್ನ ಪಾದವೂ ಬೆಚ್ಚಗಾಯಿತು. ಸದ್ಯ, ಎಲ್ಲ ಸರಿಹೋಯಿತು ಅಂದುಕೊಂಡೆ.

ಹೋದ ವಾರ ಗುಂಡ್ಲುಪೇಟೆಯಲ್ಲಿ ಬಸ್ ಹತ್ತಿ ಬಂಡೀಪುರದ ದಾರಿಯಲ್ಲಿ ಹೋಗುತ್ತಿದ್ದೆವಲ್ಲ. ಕಾಡಂಚಿನಲ್ಲಿ ಆನೆ ನಿಂತಿತ್ತು. ಮೂರು ವರ್ಷದ ನಿನ್ನ ಮೊಮ್ಮಗಳು ಕಿಟಕಿಗೆ ಮೂಗು ಒತ್ತಿ, ‘ಅಜ್ಜಿ, ಏನದು?’ ಅಂದಳು. ನೀನು ಮೊದಲು ನನ್ನ ಮುಖ ನೋಡಿದೆ. ಆಮೇಲೆ ಮೆಲ್ಲಗೆ, ‘ಎಲಿಫೆಂಟು ಕಣಮ್ಮಿ’ ಅಂದೆ.

ಈ ಭಾನುವಾರ ಬರುತ್ತೇನೆ. ಮೈಕ್ ತರುವುದಿಲ್ಲ. ಇದನ್ನು ಪೂರ್ತಿ ಓದಿ ಹೇಳುವ ಧೈರ್ಯ ಇರುತ್ತದೋ ಇಲ್ಲವೋ — ಇಷ್ಟಂತೂ ಹೇಳುತ್ತೇನೆ: ‘ಅತ್ತೆ, ನಾನೇ ಮಾಡ್ಬುಟ್ಟೆ.’