ಹೆರಿಗೆ ಮಾಡಿಸಿದವರು

ಸಹಾಯ ಮಾಡಿದ್ದಾಳಂತೆ! ಹನ್ನೊಂದು ವರ್ಷ ಲೇಬರ್ ರೂಮಿನಲ್ಲಿ ನಿಂತು ನಿಂತು ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿಕೊಂಡ ಮೇಲೆ ಸಹನಾಳ ಪಾಲಿಗೆ ಬಂದದ್ದು ಆ ಒಂದು ಮಾತು. ‘ಹೆರಿಗೆಗಳಲ್ಲಿ ವೈದ್ಯರಿಗೆ ಸಹಾಯ ಮಾಡಿದ್ದಾರೆ.’ ಕೆಳಗೆ ಡಾಕ್ಟರ್ ರೂಪಶ್ರೀಯವರ ಸಹಿ, ಪಕ್ಕದಲ್ಲಿ ಆಸ್ಪತ್ರೆಯ ದುಂಡನೆಯ ಸೀಲು. ದಾವಣಗೆರೆಯಿಂದ ಹರಿಹರಕ್ಕೆ ಹೊರಟ ಬಸ್ಸಿನಲ್ಲಿ ಕೂತು ಅವಳು ಆ ಕಾಗದವನ್ನು ಮೂರು ಸಲ ಓದಿದಳು. ಅವಳ ಮುಖ ನೋಡಿ ಪಕ್ಕದ ಹೆಂಗಸು, “ಏನಮ್ಮಾ, ಏನಾರ ಕೆಟ್ಟ ಸುದ್ದೀನಾ?” ಎಂದು ಕೇಳಿದಳು. “ಹೂನ್ರಿ, ನಾನು ಸತ್ತೋಗೀನಂತೆ” ಎಂದಳು ಸಹನಾ. ಆ ಹೆಂಗಸು ಎದ್ದು ಹಿಂದಿನ ಸೀಟಿಗೆ ಹೋದಳು.

ಹೆಸರು ಸಹನಾ ಅಂತ ಇಟ್ಟವನು ಅವಳಪ್ಪ ಮೈಲಾರಲಿಂಗಪ್ಪ, ಮಾಯಕೊಂಡದ ಕಡೆ ಮೆಕ್ಕೆಜೋಳ ಬೆಳೆಯುವ ರೈತ. ಮಗಳಿಗೆ ನರ್ಸಿಂಗ್ ಓದಿಸಿದ. ಅದು ಸಾಲದು ಎಂದು ಅವಳು ಇನ್ನೂ ಒಂದೂವರೆ ವರ್ಷ ಹೆರಿಗೆ ಮಾಡಿಸುವ ತರಬೇತಿಯನ್ನೇ ಬೇರೆ ಮಾಡಿಕೊಂಡು ಬಂದಳು. ಅಂದರೆ ಪಕ್ಕಾ ಓದಿದ ಸೂಲಗಿತ್ತಿ. ಅಂಥವಳು ಎಸ್.ಎಸ್. ಬಡಾವಣೆಯ ಪರಮೇಶ್ವರಪ್ಪನವರ ಆಸ್ಪತ್ರೆಗೆ ಕೆಲಸಕ್ಕೆ ಸೇರಿದಾಗ ಇಪ್ಪತ್ಮೂರು ವರ್ಷ. ಕಟ್ಟಡ ಕಟ್ಟಿಸಿದವರು ಪರಮೇಶ್ವರಪ್ಪ, ಡಾಕ್ಟರು ಅವರ ಸೊಸೆ ರೂಪಶ್ರೀ. ಸಹನಾ ಆಮೇಲೆ ಹರಿಹರದ ಅಂಜನ್‌ನನ್ನು ಮದುವೆಯಾದಳು, ಅವನು ವರ್ಕ್‌ಶಾಪಿನಲ್ಲಿ ಲೇತ್ ಆಪರೇಟರ್. ಒಬ್ಬಳು ಮಗಳು, ಮನೆಯಲ್ಲಿ ಅತ್ತೆ ರಂಗವ್ವ. ದಿನಾ ಬೆಳಿಗ್ಗೆ ಹರಿಹರದಿಂದ ಬಸ್ಸು ಹತ್ತುವುದು, ಸಂಜೆ ಇಳಿಯುವುದು. ಎಷ್ಟೋ ಸಲ ಸಂಜೆಯೂ ಇಳಿಯುತ್ತಿರಲಿಲ್ಲ. ನೋವು ತಿನ್ನುತ್ತಿರುವ ಹೆಂಗಸನ್ನು ಬಿಟ್ಟು ಬಸ್ಸು ಹಿಡಿಯುವ ಜಾತಿಯವಳಲ್ಲ ಅವಳು.

ಆ ಆಸ್ಪತ್ರೆಯ ಪದ್ಧತಿ ಹೇಗಿತ್ತು ಅಂದರೆ, ನೋವು ಶುರುವಾದಾಗಿಂದ ಮಾಸು ಬೀಳುವವರೆಗೆ ಎಲ್ಲವೂ ಸಹನಾಳದೇ. ರೂಪಶ್ರೀ ಮೇಡಂಗೆ ಫೋನ್ ಹೋಗುತ್ತಿತ್ತು. “ನೀನು ಶುರು ಮಾಡಿರು, ದಾರೀಲಿದೀನಿ” ಎನ್ನುತ್ತಿದ್ದರು. ಸುಳ್ಳು ಹೇಳಬಾರದು, ಆಪರೇಷನ್ನಿನಲ್ಲಿ ಆ ಯಮ್ಮನ ಕೈ ಬಂಗಾರ. ಮೂರು ಆಸ್ಪತ್ರೆ ಸುತ್ತಿ ಸಿಸೇರಿಯನ್ ಮಾಡಿ ಬರುವಷ್ಟರಲ್ಲಿ ಇಲ್ಲಿ ಮಗು ಅತ್ತು, ಒರೆಸಿಕೊಂಡು, ಬಟ್ಟೆ ಸುತ್ತಿಸಿಕೊಂಡು, ತಾಯಿಯ ಎದೆಗೆ ಬಿದ್ದಿರುತ್ತಿತ್ತು. ಮೇಡಂ ಬಂದು ಕೈಗೆ ಗ್ಲೌಸ್ ಹಾಕಿ, ಗ್ಲೌಸ್ ತೆಗೆದು, ಹೊರಗೆ ಹೋಗಿ “ಗಂಡು ಮಗು ಕಣ್ರಿ” ಎಂದು ಹೇಳುತ್ತಿದ್ದರು. ಅಜ್ಜಿಯರು ಕಾಲಿಗೆ ಬೀಳುತ್ತಿದ್ದರು. ಪೇಡೆ ಡಬ್ಬಿ ಮೇಡಂ ಟೇಬಲ್ಲಿಗೆ. ಇತ್ತ ಸಹನಾ ನೆಲದ ರಕ್ತಕ್ಕೆ ಫಿನಾಯಿಲ್ ಹಾಕಿಸುತ್ತಿದ್ದಳು.

ಇಷ್ಟಾಗಿಯೂ ಹೊಟ್ಟೆ ಉರಿಯುವ ಸಂಗತಿ ಇದಲ್ಲ. ಹೆರಿಗೆ ರಿಜಿಸ್ಟರಿನಲ್ಲಿ ಕೊನೆಯದೊಂದು ಕಾಲಂ ಇದೆ: ‘ಹೆರಿಗೆ ಮಾಡಿಸಿದವರು’. ಸೇರಿದ ಮೊದಲ ವಾರವೇ ಮೇಡಂ ಹೇಳಿಕೊಟ್ಟಿದ್ದರು, “ಇಲ್ಲಿ ಯಾವಾಗಲೂ ನನ್ನ ಹೆಸರು ಬರೀಬೇಕಮ್ಮ.” ಸಹನಾ ಬರೆದಳು. ಮಾತು ಕೇಳುವ ಹುಡುಗಿ! ತನ್ನ ಮುತ್ತಿನಂಥ ಅಕ್ಷರದಲ್ಲಿ, ತನ್ನದೇ ಪೆನ್ನಿನಲ್ಲಿ, ಹನ್ನೊಂದು ವರ್ಷ, ಎರಡು ಸಾವಿರದ ಮುನ್ನೂರು ಚಿಲ್ಲರೆ ಸಲ ‘ಡಾ. ರೂಪಶ್ರೀ’ ಎಂದು ಬರೆದಳು. ಬೇರೆಯವರು ಅಳಿಸಿದ್ದರೆ ಬೈಯಬಹುದಿತ್ತು. ತನ್ನನ್ನು ತಾನೇ ಅಳಿಸಿಕೊಂಡವಳು ಯಾರಿಗೆ ಬೈಯಬೇಕು, ಹೇಳಿ.

ಐರ್ಲೆಂಡಿಗೆ ಕೆಲಸಕ್ಕೆ ಹೋಗುವ ದಾರಿ ತೋರಿಸಿದ್ದು ಜೊತೆಗೆ ಓದಿದ ಮುಸರತ್. ಅವಳು ಹೋಗಿ ಎರಡು ವರ್ಷವಾಗಿತ್ತು. “ಇಲ್ಲಿ ಮಿಡ್‌ವೈಫ್ ಅಂದ್ರೆ ಡಾಕ್ಟರ್ ಎದ್ದು ದಾರಿ ಬಿಡ್ತಾರೆ ಕಣೇ” ಎಂದಿದ್ದಳು. ಸಹನಾ ಬಸ್ಸಿನಲ್ಲೇ ಓದಿ ಇಂಗ್ಲಿಷ್ ಪರೀಕ್ಷೆ ಪಾಸು ಮಾಡಿದಳು. ವಿಡಿಯೋದಲ್ಲಿ ಸಂದರ್ಶನವಾಯಿತು. ಮಗುವಿನ ತಲೆ ಹೊರಬಂದು ಭುಜ ಸಿಕ್ಕಿಕೊಂಡರೆ ಏನು ಮಾಡುತ್ತೀ ಎಂದು ಕೇಳಿದರು. ಸಹನಾಗೆ ಇಂಗ್ಲಿಷ್ ತೊದಲಿತು. ಎದ್ದು ಮಂಚದ ಮೇಲಿನ ದಿಂಬನ್ನು ಎಳೆದುಕೊಂಡು ಕೈಯಲ್ಲೇ ಮಾಡಿ ತೋರಿಸಿದಳು. ಆ ಕಡೆ ಕೂತಿದ್ದ ಇಬ್ಬರು ಬಿಳಿಕೂದಲಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು, ತಲೆಯಾಡಿಸಿದರು. “ನಮ್ಮಲ್ಲಿ ಸಹಜ ಹೆರಿಗೆಗೆ ನೀನೇ ಹೊಣೆ, ಸಹಿಯೂ ನಿನ್ನದೇ” ಎಂದರು. ಸಂಬಳ ಹೇಳಿದಾಗ ಅಳದವಳು ಆ ಮಾತಿಗೆ ಅತ್ತಳು.

“ಅಲ್ಲವ್ವಾ, ಹೆರಿಗೆ ಮಾಡ್ಸಕೆ ಇಮಾನ ಹತ್ತಿ ಹೋಗಬೇಕಾ? ಆ ಊರಾಗೆ ಹೆಂಗಸ್ರೇ ಇಲ್ವಾ?” ಎಂದು ರಂಗವ್ವ ಬಾಯಿ ಮಾಡಿದರೂ, ಮೊಮ್ಮಗಳನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಅಕ್ಕಪಕ್ಕದ ಮನೆಗೆಲ್ಲಾ ಹೇಳಿಕೊಂಡು ಬಂದಿದ್ದಳು. ಬಾಕಿ ಇದ್ದದ್ದು ಒಂದೇ ಕಾಗದ. ಈಗ ಕೆಲಸ ಮಾಡುತ್ತಿರುವ ಆಸ್ಪತ್ರೆಯವರು, ಈಕೆ ಸ್ವತಃ ಕನಿಷ್ಠ ನಲವತ್ತು ಹೆರಿಗೆ ಮಾಡಿಸಿದ್ದಾಳೆ ಎಂದು ಬರೆದುಕೊಡಬೇಕು, ಶುಕ್ರವಾರದೊಳಗೆ. ನಲವತ್ತು! ಸಹನಾಗೆ ಅದು ಎರಡು ತಿಂಗಳ ಕೆಲಸ. ನಗುನಗುತ್ತಾ ಮೇಡಂ ಮುಂದೆ ಫಾರಂ ಇಟ್ಟಳು. ಬುಧವಾರ ಸಂಜೆ ಕೈಗೆ ಬಂದದ್ದು, ಸಹಾಯ ಮಾಡಿದ್ದಾರೆ.

ಮನೆಗೆ ಬಂದು ಆ ಕಾಗದವನ್ನು ಅಂಜನ್ ಮುಂದೆ ಎಸೆದಳು. ಅವನು ಓದಿ, ತಲೆ ಕೆರೆದುಕೊಂಡು, “ಅಷ್ಟಕ್ಕೆ ಯಾಕ ಹಿಂಗಾಡ್ತೀ? ವಿನೋಬನಗರದಾಗೆ ನಮ್ಮ ಹುಡುಗ ಒಬ್ಬ ಇದಾನೆ, ಯಾವ ಸೀಲ್ ಬೇಕಾದ್ರೂ ಮಾಡಿಕೊಡ್ತಾನೆ” ಎಂದ.

“ರೀ, ಬಾಯಿ ಮುಚ್ಚಿಕಂಡು ಕೂಡ್ರಿ!” ಸಹನಾ ಹಾಗೆ ಕೂಗಿದ್ದನ್ನು ಆ ಮನೆ ಅದುವರೆಗೆ ಕೇಳಿರಲಿಲ್ಲ. “ಮಾಡದೇ ಇರೋ ಕೆಲಸಕ್ಕೆ ಸುಳ್ಳು ಸೀಲ್ ಹಾಕಿಸ್ತಾರೆ. ನಾನು ಮಾಡೀನಿ! ಈ ಕೈಯಾಗೆ ಮಾಡೀನಿ! ನನಗ್ಯಾಕ ಸುಳ್ಳು ಸೀಲು?” ಅಂಜನ್ ತಟ್ಟೆ ತೆಗೆದುಕೊಂಡು ಅಡುಗೆಮನೆಗೆ ಹೋಗಿ ಊಟ ಮಾಡಿದ.

ಮರುದಿನ ಮಧ್ಯಾಹ್ನ ಓಪಿಡಿ ಖಾಲಿಯಾದಾಗ ಸಹನಾ ಆಯಾ ಯಲ್ಲಕ್ಕನ ಹತ್ತಿರ ಹಳೇ ರೆಕಾರ್ಡ್ ಬೀರುವಿನ ಬೀಗದ ಕೈ ಇಸಿದುಕೊಂಡಳು. ಒಂದು ಸಾಲಿನಲ್ಲಾದರೂ, ಅಪ್ಪಿತಪ್ಪಿಯಾದರೂ, ತನ್ನ ಹೆಸರು ಬರೆದಿರಬಹುದು ಎಂಬ ಆಸೆ. ನೆಲದ ಮೇಲೆ ಕೂತು ಒಂದೊಂದೇ ರಿಜಿಸ್ಟರ್ ತಿರುವಿದಳು. ಡಾ. ರೂಪಶ್ರೀ, ಡಾ. ರೂಪಶ್ರೀ, ಡಾ. ರೂಪಶ್ರೀ. ಎಲ್ಲೆಲ್ಲೂ ತನ್ನದೇ ಅಕ್ಷರ. ಕಾಲು ಮೊದಲು ಬಂದ ಮಗು, ಅವಳಿ ಮಕ್ಕಳು, ಆಂಬುಲೆನ್ಸಿನಿಂದ ಇಳಿಸುವಾಗಲೇ ಹುಟ್ಟಿದ ಮಗು, ಎಲ್ಲವೂ ಅವಳಿಗೆ ಮುಖ ಸಮೇತ ನೆನಪಿತ್ತು. ಎಂಟನೆಯ ರಿಜಿಸ್ಟರಿಗೆ ಬರುವಷ್ಟರಲ್ಲಿ ಅವಳಿಗೆ ತನ್ನ ಕೈಬರಹ ಕಂಡರೇ ಆಗದಂತಾಯಿತು.

ಬಾಗಿಲಲ್ಲಿ ಕಾವಲು ಕೂತಿದ್ದ ಯಲ್ಲಕ್ಕನಿಗೆ ಓದು ಬರದು, ಆದರೆ ಆ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳ ಲೆಕ್ಕ ಅವಳ ಬಾಯಲ್ಲಿತ್ತು. “ಅವೆಲ್ಲಾ ಹಾಳಾಗೋಗ್ಲಿ ಸಿಸ್ಟರಮ್ಮ. ಡಾಕ್ಟ್ರಮ್ಮಂದು ನೋಡಿದ್ಯಾ? ಆ ಯಮ್ಮನ ಗಂಡುಮಗ ಹುಟ್ಟಿದಾಗ? ‘ಸಹನಾ, ಸಾಯ್ತೀನಿ ಕಣೇ, ಬಿಡಬ್ಯಾಡ’ ಅಂತ ನಿನ್ನ ಕೈ ಹಿಡಕಂಡು ಬಡಕಂತಿತ್ತು. ನಾನೇ ಅಲ್ವಾ ಕಾಲು ಹಿಡಕಂಡಿದ್ದು? ಅವತ್ತು ಯಾವ ಡಾಕ್ಟ್ರು ಇದ್ರು?”

ಯಾರೂ ಇರಲಿಲ್ಲ. ಆರು ವರ್ಷದ ಹಿಂದೆ ಮೇಡಂಗೆ ದಿನ ತುಂಬುವ ಮೊದಲೇ ನೋವು ಬಂದು, ಬರಬೇಕಾದ ದೊಡ್ಡ ಡಾಕ್ಟರು ಬರುವ ಮೊದಲೇ ಮಗು ಬಂದುಬಿಟ್ಟಿತ್ತು. ಕತ್ತಿಗೆ ಹೊಕ್ಕುಳಬಳ್ಳಿ ಎರಡು ಸುತ್ತು. ಸಹನಾ ಒಂದು ಸುತ್ತನ್ನು ಬೆರಳಲ್ಲಿ ಬಿಡಿಸಿ, ಇನ್ನೊಂದನ್ನು ಅಲ್ಲೇ ಕತ್ತರಿಸಿ, ನೀಲಿಯಾಗಿದ್ದ ಕೂಸಿನ ಬೆನ್ನು ಉಜ್ಜಿ ಉಜ್ಜಿ ಅದು ಅಳುವಂತೆ ಮಾಡಿದ್ದಳು. ಅವನೇ ಬಸವಪ್ರಭು, ಈಗ ಒಂದನೇ ಕ್ಲಾಸು.

ಸಹನಾ ಆ ವರ್ಷದ ರಿಜಿಸ್ಟರ್ ಎಳೆದು ತೆಗೆದಳು. ಸಾಲು ಸಿಕ್ಕಿತು. ತಾಯಿಯ ಹೆಸರು: ಡಾ. ರೂಪಶ್ರೀ. ಮಗು: ಗಂಡು. ಹೆರಿಗೆ ಮಾಡಿಸಿದವರು: ಡಾ. ರೂಪಶ್ರೀ.

ಅಯ್ಯೋ ದೇವರೇ! ಅಭ್ಯಾಸಬಲದಲ್ಲಿ ಅವತ್ತೂ ಅದನ್ನೇ ಬರೆದಿದ್ದಳು. ಆರು ವರ್ಷ ಯಾರೂ ನೋಡಿರಲಿಲ್ಲ. ಸಹನಾ ಮೊದಲು ನಕ್ಕಳು. ನಗು ಮುಗಿಯುವ ಮೊದಲೇ ಸಿಟ್ಟು ನೆತ್ತಿಗೇರಿತು. ಮೇಡಂ ಮೇಲೆ ಎಷ್ಟೋ ತನ್ನ ಮೇಲೂ ಅಷ್ಟೇ. ರಿಜಿಸ್ಟರನ್ನು ಎದೆಗವಚಿಕೊಂಡು ಸೀದಾ ಮೇಡಂ ರೂಮಿಗೆ ನುಗ್ಗಿದಳು.

ರೂಪಶ್ರೀ ಊಟದ ಡಬ್ಬಿ ಬಿಚ್ಚುತ್ತಿದ್ದರು. ಸಹನಾ ಪುಟ ತೆರೆದು ಡಬ್ಬಿಯ ಪಕ್ಕ ಇಟ್ಟಳು. “ಇದನ್ನ ಓದ್ರಿ ಮೇಡಂ. ನಿಮ್ಮ ಹೆರಿಗೆ ನೀವೇ ಮಾಡಿಸಿಕಂಡೀರಿ.”

ರೂಪಶ್ರೀ ಓದಿದರು. ಮುಗುಳ್ನಕ್ಕರು. “ಎಂಥಾ ತಪ್ಪು ಬರೆದಿದ್ದೀಯ ನೋಡು. ಇದೊಂದನ್ನ ತಿದ್ದಿಬಿಡು.”

“ಇದೊಂದನ್ನ?” ಸಹನಾಳ ದನಿ ಹೊರಗಿನ ಬೆಂಚಿನವರೆಗೂ ಕೇಳಿಸಿತು. “ಇದೊಂದು ತಪ್ಪಾದ್ರೆ ಉಳಿದಿದ್ದು ಹೆಂಗೆ ಸರಿ ಮೇಡಂ? ನೀವು ಮಂಚದ ಮೇಲೆ ಮಲಗಿದ್ರಿ ಅಂತ ಇದು ತಪ್ಪು. ದಾರೀಲಿದ್ರಲ್ಲ, ಅವೆಲ್ಲಾ ಸರಿಯಾ? ಅವತ್ತು ‘ಸಹನಾ, ನೀನೇ ನನ್ನ ತಾಯಿ’ ಅಂದಿದ್ರಿ. ನಿನ್ನೆ ‘ಸಹಾಯ ಮಾಡಿದಾಳೆ’ ಅಂತ ಬರೆದುಕೊಟ್ರಿ. ನಾಚಿಕೆ ಆಗಲಿಲ್ವಾ ನಿಮಗೆ?”

“ಬಾಗಿಲು ಹಾಕು ಮೊದಲು” ಎಂದರು ರೂಪಶ್ರೀ. ಸಹನಾ ಹಾಕಲಿಲ್ಲ. ರೂಪಶ್ರೀಯೇ ಎದ್ದು ಹೋಗಿ ಹಾಕಿಕೊಂಡು ಬಂದರು. ದನಿ ತಗ್ಗಿಸಿ, “ನಿನ್ನ ಮೇಲೆ ನನಗೇನು ದ್ವೇಷ ಐತಾ? ನೀನೇ ಯೋಚನೆ ಮಾಡು. ಎಲ್ಲಾ ಪೇಪರ್ ನನ್ನ ಹೆಸರಲ್ಲಿ ಹೋಗಿದೆ. ಇನ್ಶೂರೆನ್ಸಿನವರಿಗೆ, ಆರೋಗ್ಯ ಇಲಾಖೆ ಆಫೀಸಿಗೆ, ಎಲ್ಲಾ ಕಡೆ. ಈಗ ನೀನು ಮಾಡಿಸಿದೀಯ ಅಂತ ಬರೆದುಕೊಟ್ರೆ ನಾನು ಇರಲಿಲ್ಲ ಅಂತ ನಾನೇ ಬರೆದುಕೊಟ್ಟಂಗೆ. ಈ ಆಸ್ಪತ್ರೆಗೆ ಬೀಗ ಬೀಳ್ತದೆ. ಯಲ್ಲಕ್ಕ ಎಲ್ಲಿಗೆ ಹೋಗ್ತಾಳೆ? ಅದೂ ಅಲ್ದೆ ನೀನು ಹೋದ ಮೇಲೆ ಲೇಬರ್ ರೂಮು ಯಾರು ನೋಡ್ತಾರೆ, ಅದನ್ನ ಹೇಳು” ಎಂದರು.

“ರಿಜಿಸ್ಟರ್ ತುಂಬಾ ನಿಮ್ಮ ಹೆಸರೇ ಐತಲ್ರಿ, ಲೇಬರ್ ರೂಮೂ ನೀವೇ ನೋಡಿಕಳ್ರಿ.”

ರೂಪಶ್ರೀಯ ಮುಖ ಕೆಂಪಾಯಿತು. ಡಬ್ಬಿಯ ಮುಚ್ಚಳ ಹಾಕಿದರು. ಸಹನಾ, “ನಾನು ಆಫೀಸಿಗೆ ದೂರು ಕೊಡಾಕೆ ಹೋಗಲ್ಲ, ಜಗಳಕ್ಕೂ ಹೋಗಲ್ಲ. ನಾಳೆ ಶುಕ್ರವಾರ. ಇದ್ದದ್ದನ್ನ ಬರೆದುಕೊಡ್ರಿ. ಕೊಡದಿದ್ರೆ ಮಾತ್ರ ಈ ಪುಟದ ಫೋಟೋನೇ ಅವರಿಗೆ ಕಳಿಸ್ತೀನಿ, ನಮ್ಮ ಕಡೆ ಹೆಂಗೆ ಬರೀತೀವಿ ಅನ್ನೋದನ್ನ ಅವರೂ ನೋಡ್ಲಿ” ಎಂದಳು.

ರೂಪಶ್ರೀ ಹೊಸ ಫಾರಂ ತೆಗೆದುಕೊಂಡರು. ಪೆನ್ನು ಹಿಡಿದು, “ಅವರು ಎಷ್ಟು ಕೇಳಿದಾರೆ?” ಎಂದರು.

“ಕನಿಷ್ಠ ನಲವತ್ತು. ನಾನು ಮಾಡಿಸಿರೋದು ಎರಡು ಸಾವಿರದ ಮುನ್ನೂರು.”

“ನಲವತ್ತು ಬರೀತೀನಿ. ನಲವತ್ತಾದ್ರೆ ನಾನು ಯಾವುದೋ ಎಮರ್ಜೆನ್ಸಿಯಲ್ಲಿದ್ದೆ ಅಂತ ಯಾರಾದ್ರೂ ಕೇಳಿದ್ರೆ ಹೇಳಬಹುದು. ಒಂದೂ ಹೆಚ್ಚಿಗೆ ಆಗಲ್ಲ.”

“ಸಾವಿರ ಅಂತಾದ್ರೂ ಬರೀರಿ.”

“ನಲವತ್ತು.”

“ಐನೂರು.”

“ಸಂತೆ ಅಲ್ಲಮ್ಮ ಇದು. ನಿನಗೆ ಹೋಗಾಕೆ ನಲವತ್ತು ಸಾಕಲ್ಲ? ತಗೊಂಡು ಹೋಗು.”

ಸಾಕು. ಅದೇ ಅಲ್ಲವೇ ಉರಿಯುವುದು! ನಿಜಕ್ಕೂ ಸಾಕಾಗಿತ್ತು. ಕಿತ್ತಾಡಿಕೊಂಡು ಕೂತರೆ ಶುಕ್ರವಾರ ದಾಟುತ್ತದೆ, ಆ ಕೆಲಸ ಇನ್ನೊಬ್ಬಳಿಗೆ ಹೋಗುತ್ತದೆ. ರೂಪಶ್ರೀ ಬರೆದರು, ‘ಸ್ವತಃ ಮಾಡಿಸಿದ ಹೆರಿಗೆಗಳು: ನಲವತ್ತು’. ಸಹಿ ಹಾಕಿ, ಸೀಲು ಒತ್ತಿ, ಮುಂದೆ ಚಾಚಿದರು. ಸಹನಾ ಇಸಿದುಕೊಂಡಳು. ಇಸಿದುಕೊಳ್ಳದೆ ಏನು ಮಾಡುತ್ತಾಳೆ? ಅದನ್ನು ಹರಿದು ಮುಖಕ್ಕೆ ಎಸೆಯುವುದೆಲ್ಲಾ ಟೀವಿ ಧಾರಾವಾಹಿಯಲ್ಲಿ ಚೆಂದ. ಅವಳು ಎರಡು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡು ಬಾಗಿಲ ತನಕ ಹೋದಳು.

ಅಲ್ಲಿಂದ ತಿರುಗಿ ಬಂದಳು.

“ಮೇಡಂ, ಒಂದು ಕೇಳ್ತೀನಿ, ಹೇಳ್ರಿ. ಈ ನಲವತ್ತರಾಗೆ ನಿಮ್ಮ ಮಗ ಇದಾನೋ, ಇಲ್ವೋ?”

ರೂಪಶ್ರೀ ಪೆನ್ನಿನ ಕ್ಯಾಪು ಹಾಕುತ್ತಿದ್ದವರು ಹಾಗೇ ನಿಂತರು. ಎರಡು ಸಾವಿರ ಹೆರಿಗೆ ನುಂಗಿ ನೀರು ಕುಡಿದ ಆ ಯಮ್ಮನಿಗೆ ಇದೊಂದು ಗಂಟಲಿಗಿಳಿಯಲಿಲ್ಲ. ಸಹನಾ ರಿಜಿಸ್ಟರನ್ನು ಅವರ ಮುಂದಕ್ಕೆ ಸರಿಸಿದಳು.

“ಹೋಗ್ಲಿ ಬಿಡ್ರಿ, ನಾನೇ ಹೇಳ್ತೀನಿ” ಎಂದಳು. “ಇದಾನೆ. ಅವನನ್ನ ನಾನು ಬಿಟ್ಟುಕೊಡಲ್ಲ. ಉಳಿದ ಮೂವತ್ತೊಂಬತ್ತು ಯಾವ ಮಕ್ಕಳು ಅಂತ ಆರಿಸಾಕೆ ನನ್ನ ಕೈಲಿ ಆಗಲ್ಲ. ರಿಜಿಸ್ಟರ್ ಇಲ್ಲೇ ಇಟ್ಟಿರ್ತೀನಿ, ನೀವೇ ಕೂತು ಆರಿಸ್ರಿ.”